ಆಟದ ಕಂಪ್ಯೂಟರಿಗೆ ಯಾವ ಜೋಡಿ?

2024ರ ಬೇಸಗೆ ರಜೆಯಲ್ಲಿ ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನು ಎರಡು ಚೀಟಿಗಳನ್ನು ತಂದು ನಮ್ಮ ಮುಂದಿರಿಸಿದನು. ಆಟಗಳಿಗೆಂದು ಒಂದು ಕಂಪ್ಯೂಟರನ್ನು ಬಿಡಿ ಭಾಗಗಳಿಂದ ಜೋಡಿಸಿಕೊಳ್ಳಬೇಕೆಂಬುದು ಅವನ ಬಹುದಿನದ ಹಂಬಲ. ತಂದೆಯವರು ಒಪ್ಪಿದ್ದರು, ಆದರೆ ಹಣ ಕೊಡುವುದು ಒಂದೇ ಸಲ, ಮತ್ತೆ ಕೇಳುವಂತಿಲ್ಲ ಎಂದಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಎರಡು ಅಂಗಡಿಗಳಲ್ಲಿ ಬರೆಸಿಕೊಂಡು ಬಂದಿದ್ದ ಆ ಚೀಟಿಗಳಲ್ಲಿ ಉಳಿದೆಲ್ಲ ಭಾಗಗಳೂ ಒಂದೇ. ಭೇದವಿದ್ದುದು ಎರಡು ವಸ್ತುಗಳಲ್ಲಿ ಮಾತ್ರ. ಮೊದಲನೆಯ ಚೀಟಿಯಲ್ಲಿ ರೈಜನ್ 7 7800ಎಕ್ಸ್3ಡಿ ಎಂಬ ಪ್ರೊಸೆಸರು, ಅದರೊಡನೆ ರೇಡಿಯಾನ್ ಆರ್‌ಎಕ್ಸ್ 7600 ಎಂಬ ಗ್ರಾಫಿಕ್ಸ್ ಕಾರ್ಡು. ಎರಡನೆಯದರಲ್ಲಿ ರೈಜನ್ 5 7600 ಪ್ರೊಸೆಸರು, ರೇಡಿಯಾನ್ ಆರ್‌ಎಕ್ಸ್ 7800 ಎಕ್ಸ್‌ಟಿ ಕಾರ್ಡು. ನಾಲ್ಕನ್ನೂ ತಯಾರಿಸಿದುದು ಎ.ಎಂ.ಡಿ. ಕಂಪನಿಯೇ. (ಪ್ರೊಸೆಸರಿಗೂ ಕಾರ್ಡಿಗೂ 7600 ಎಂಬ ಒಂದೇ ಅಂಕಿಯನ್ನು ಇಟ್ಟವರು ಅಂಕಿಗಳ ವಿಷಯದಲ್ಲಿ ಇಷ್ಟು ಜಿಪುಣರಾಗಬೇಕಿರಲಿಲ್ಲ.)

“ಇವೆರಡರಲ್ಲಿ ಯಾವುದು ಮೇಲು, ಸಾರ್?” ಎಂದು ಅವನು ಕೇಳಿದನು.

ಬೆಲೆಯಿಂದ ಇದನ್ನು ತೀರ್ಮಾನಿಸುವಂತಿರಲಿಲ್ಲ. ಈ ನಾಲ್ಕೂ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಕಂಪನಿಯು ಸಾರಿದ ಬೆಲೆಯನ್ನು ನೋಡಿದರೆ, ಮೊದಲನೆಯ ಜೋಡಿಗೆ 449 ಮತ್ತು 269 ಸೇರಿ 718 ಡಾಲರು. ಎರಡನೆಯದಕ್ಕೆ 229 ಮತ್ತು 499 ಸೇರಿ 728 ಡಾಲರು. ಸ್ನೇಹಿತರಲ್ಲಿ ಎರಡು ಪಕ್ಷಗಳಾಗಿದ್ದುವಂತೆ. ಅದೂ ಸಾಲದೆಂದು ಅವನು, ಪ್ರೊಸೆಸರಿನ ಮತ್ತು ಕಾರ್ಡಿನ ಹೆಸರುಗಳನ್ನು ಕೊಟ್ಟರೆ ಅವುಗಳ ಹೊಂದಾಣಿಕೆಯು ಶೇಕಡಾ ಎಷ್ಟೆಂದು ಜಾತಕ ನೋಡಿದಂತೆ ಹೇಳುವ ಒಂದು ಲೆಕ್ಕದ ಸಾಧನವನ್ನೂ ವಿಚಾರಿಸಿ ಬಂದಿದ್ದನು.

ಇಂಥ ಶೇಕಡಾ ಲೆಕ್ಕಗಳಿಗೆ ವಿಜ್ಞಾನದ ಆಧಾರವಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಯಾವ ಆಟ, ಯಾವ ಪರದೆ ಎಂಬುದನ್ನು ಕೇಳದೆ ಜೋಡಿಯ ಗುಣವನ್ನು ಹೇಳಲಾಗದು. ಇದಕ್ಕೆ ಕಾರಣವನ್ನು ವಾಚಕರು ತಮ್ಮ ಮನೆಯ ಅಡುಗೆಮನೆಯಲ್ಲಿಯೇ ಕಾಣಬಹುದು.

ಹಬ್ಬದ ದಿನ ಹೋಳಿಗೆ ಮಾಡುವಾಗ ಒಬ್ಬರು ಕಣಕದಲ್ಲಿ ಹೂರಣವನ್ನು ತುಂಬಿ ಉಂಡೆ ಮಾಡಿಕೊಡುವರು. ಇನ್ನೊಬ್ಬರು ಆ ಉಂಡೆಯನ್ನು ತಟ್ಟಿ ಕಾವಲಿಯ ಮೇಲೆ ಬೇಯಿಸುವರು. ಒಂದು ಹೋಳಿಗೆ ಬೇಯುತ್ತಿರುವಾಗಲೇ ಮುಂದಿನ ಉಂಡೆ ಸಿದ್ಧವಾಗುತ್ತಿರುವುದು. ಗಂಟೆಗೆ ಎಷ್ಟು ಹೋಳಿಗೆ ಏಳುವುವೆಂಬುದನ್ನು ಇಬ್ಬರಲ್ಲಿ ನಿಧಾನವಾದವರು ನಿರ್ಣಯಿಸುವರೇ ಹೊರತು, ಇಬ್ಬರ ಸರಾಸರಿಯಲ್ಲ. ಇನ್ನು ಹೋಳಿಗೆಯನ್ನು ಅಗಲವಾಗಿ ತಟ್ಟಬೇಕೆಂದು ಹಿರಿಯರು ಹೇಳಿದರೆನ್ನೋಣ. ಉಂಡೆ ಕಟ್ಟುವವರ ಕೆಲಸ ಅಷ್ಟಾಗಿ ಹೆಚ್ಚುವುದಿಲ್ಲ. ಕಾವಲಿಯ ಬಳಿ ಕುಳಿತವರ ಕೆಲಸ ಬಹಳ ಹೆಚ್ಚುವುದು.

ಕಂಪ್ಯೂಟರಿನ ಆಟದಲ್ಲಿ ಪ್ರೊಸೆಸರು ಉಂಡೆ ಕಟ್ಟುವ ಸ್ಥಾನದಲ್ಲಿದೆ. ಗುಂಡು ಯಾರಿಗೆ ತಾಗಿತು, ಶತ್ರು ಯಾವ ಕಡೆ ತಿರುಗಿದನು, ಗೋಡೆಯ ಹಿಂದೆ ಏನಿದೆ ಎಂಬುದನ್ನೆಲ್ಲ ಲೆಕ್ಕ ಹಾಕಿ, “ಇಂಥದನ್ನು ಬರೆ” ಎಂಬ ಆಜ್ಞೆಗಳನ್ನು ಅದು ಕಾರ್ಡಿಗೆ ಕಳುಹಿಸುವುದು. ಕಾರ್ಡು ಆ ಆಜ್ಞೆಗಳಂತೆ ಪರದೆಯ ಒಂದೊಂದು ಬಿಂದುವಿಗೂ ಬಣ್ಣವನ್ನು ನಿಶ್ಚಯಿಸಿ ಇಡಿಯ ಚಿತ್ರವನ್ನು ರಚಿಸುವುದು. ಇಂಥ ಒಂದು ಚಿತ್ರವನ್ನೇ ಫ್ರೇಮು ಎನ್ನುವರು. ಸೆಕೆಂಡಿಗೆ 60 ಫ್ರೇಮು ಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು, 144 ಬೇಕಾದರೆ 7 ಮಿಲಿಸೆಕೆಂಡಿಗೂ ಕಡಮೆ. ಪರದೆಯ ಅಗಲದಲ್ಲಿ 1920, ಎತ್ತರದಲ್ಲಿ 1080 ಬಿಂದುಗಳಿದ್ದರೆ ಒಟ್ಟು 20,73,600 ಬಿಂದುಗಳಾದುವು. 3840 ಮತ್ತು 2160 ಆದರೆ 82,94,400, ಎಂದರೆ ಸರಿಯಾಗಿ ನಾಲ್ಕು ಪಟ್ಟು. ಈ ನಾಲ್ಕು ಪಟ್ಟಿನ ಭಾರ ಬೀಳುವುದು ಬಹುಮಟ್ಟಿಗೆ ಕಾರ್ಡಿನ ಮೇಲೆಯೇ. ಗುಂಡು ತಾಗಿತೋ ಇಲ್ಲವೋ ಎಂಬ ಲೆಕ್ಕ ಪರದೆ ದೊಡ್ಡದಾದ ಮಾತ್ರಕ್ಕೆ ದೊಡ್ಡದಾಗುವುದಿಲ್ಲ.

ಈಗ ಚೀಟಿಗಳನ್ನು ನೋಡೋಣ. ಮೊದಲನೆಯ ಚೀಟಿಯ ಪ್ರೊಸೆಸರಿಗೆ ಆಟಗಾರರಲ್ಲಿ ದೊಡ್ಡ ಹೆಸರು. ಅದು ನ್ಯಾಯವಾದ ಹೆಸರೇ. ಅದರಲ್ಲಿ 8 ಕೋರುಗಳು, ಇನ್ನೊಂದರಲ್ಲಿ 6. ಗಡಿಯಾರದ ವೇಗದಲ್ಲಿ ಅದು ಇನ್ನೊಂದಕ್ಕಿಂತ ಮುಂದಿಲ್ಲ: ಅದರ ಪರಮಾವಧಿ ವೇಗ 5.0 ಗಿಗಾಹರ್ಟ್ಸ್, ಅಗ್ಗದ ರೈಜನ್ 5 7600ಕ್ಕೆ 5.1. ಆದರೆ ಅದರ ಒಡಲಲ್ಲಿಯೇ ಪದರದ ಮೇಲೆ ಪದರವಾಗಿ ಕೂಡಿಸಿದ 96 ಎಂ.ಬಿ. ಕ್ಯಾಶೆ ಮೆಮೊರಿಯಿದೆ, ಇನ್ನೊಂದರಲ್ಲಿರುವುದು 32. ಬೇಕಾದ ಸಾಮಾನು ಕೈಗೆಟುಕುವ ಗೂಡಿನಲ್ಲಿಯೇ ಇದ್ದರೆ ಉಗ್ರಾಣಕ್ಕೆ ಎದ್ದು ಹೋಗುವ ಕೆಲಸ ತಪ್ಪುವುದಷ್ಟೆ. ಗಿಗಾಹರ್ಟ್ಸನ್ನೊಂದನ್ನೇ ನೋಡಿ ಪ್ರೊಸೆಸರನ್ನು ಆರಿಸುವವರು ಈ ಒಂದು ಉದಾಹರಣೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ಪರೀಕ್ಷಕರು ಪ್ರಕಟಿಸುವ ಪಟ್ಟಿಗಳಲ್ಲಿ ಈ ಪ್ರೊಸೆಸರು ಅಷ್ಟು ಮುಂದಿರುವುದು ಸುಳ್ಳೇ? ಸುಳ್ಳಲ್ಲ. ಪ್ರೊಸೆಸರುಗಳನ್ನು ಹೋಲಿಸಬೇಕಾದಾಗ ಪರೀಕ್ಷಕರು ದೊರೆಯುವವುಗಳಲ್ಲೆಲ್ಲ ಬಲವಾದ ಕಾರ್ಡನ್ನು ಹಾಕಿ, ಪರದೆಯ ಬಿಂದುಗಳನ್ನು ಬೇಕೆಂದೇ ಕಡಮೆ ಮಾಡಿ ಅಳೆಯುವರು. ಕಾವಲಿಯ ಬಳಿ ನಾಲ್ಕು ಜನರನ್ನು ಕೂರಿಸಿ ಉಂಡೆ ಕಟ್ಟುವವರ ಚುರುಕನ್ನು ನೋಡಿದಂತೆ ಇದು. ಒಂದು ಅಂಶವನ್ನು ಬೇರ್ಪಡಿಸಿ ಅಳೆಯುವುದು ಪ್ರಯೋಗಶಾಲೆಯ ಸರಿಯಾದ ಕ್ರಮವೇ. ನಮ್ಮ ಕಾಲೇಜುಗಳಲ್ಲಿ ಲೋಲಕದ ಉದ್ದವನ್ನು ಬದಲಿಸುವಾಗ ಉಳಿದುದನ್ನು ಹಾಗೆಯೇ ಇಡುವುದಿಲ್ಲವೆ? ತಪ್ಪಾಗುವುದು ಎಲ್ಲಿಯೆಂದರೆ, ಆ ಪಟ್ಟಿಯ ಅಂತರವೆಲ್ಲವೂ ಚಿಕ್ಕ ಕಾರ್ಡಿರುವ ನಮ್ಮ ಮನೆಯ ಯಂತ್ರದಲ್ಲಿಯೂ ದೊರೆಯುವುದೆಂದು ನಂಬುವಲ್ಲಿ.

ವ್ಯಾಲೊರಂಟ್ ಅಥವಾ ಕೌಂಟರ್-ಸ್ಟ್ರೈಕ್ 2ರಂಥ ಆಟಗಳಲ್ಲಿ ಚಿತ್ರಗಳು ಸರಳ. ಆಟಗಾರರು ಬಯಸುವುದು ಸೆಕೆಂಡಿಗೆ 240 ಅಥವಾ ಇನ್ನೂ ಹೆಚ್ಚು ಫ್ರೇಮುಗಳನ್ನು. ಅಲ್ಲಿ ಪ್ರೊಸೆಸರೇ ಬಹುವಾಗಿ ಹಿಂದೆ ಬೀಳುವುದು. ಆದುದರಿಂದ ಅಂಥ ವೇಗದ ಪರದೆಯುಳ್ಳವನಿಗೆ ಮೊದಲನೆಯ ಚೀಟಿ ಅವಿವೇಕವಲ್ಲ. ಸೈಬರ್‌ಪಂಕ್ 2077ರಂಥ ಆಟದಲ್ಲಿ, ಅದರಲ್ಲಿಯೂ 2560 ಮತ್ತು 1440ರ ಪರದೆಯಲ್ಲಿ, ಚಿಕ್ಕ ಕಾರ್ಡಿನ ಮುಂದೆ ಉಂಡೆಗಳು ರಾಶಿ ಬಿದ್ದು ದುಬಾರಿ ಪ್ರೊಸೆಸರು ಕೈಕಟ್ಟಿ ಕೂರುವುದು. ಎರಡನೆಯ ಚೀಟಿಯ ಕಾರ್ಡಿನಲ್ಲಿ ಲೆಕ್ಕದ ಘಟಕಗಳು 3840, ಮೊದಲನೆಯದರಲ್ಲಿ 2048. ಮೆಮೊರಿ 16 ಜಿ.ಬಿ., ಮೊದಲನೆಯದರಲ್ಲಿ 8. ಇಷ್ಟು ದೊಡ್ಡ ಅಂತರವನ್ನು ಯಾವ ಪ್ರೊಸೆಸರೂ ತುಂಬಲಾರದು. ಎಲ್ಲ ಬಗೆಯ ಆಟಗಳನ್ನೂ ಆಡಬಯಸುವವನಿಗೆ ಎರಡನೆಯ ಚೀಟಿಯೇ ಯೋಗ್ಯವಾದುದೆಂದು ನಾವು ಹೇಳುತ್ತಿದ್ದೆವು.

ಹೇಳುತ್ತಿದ್ದೆವು, ಆದರೆ ಅವನ ಪರದೆ ಯಾವುದೆಂದು ಕೇಳಿದಾಗ ತಿಳಿದುದೇನೆಂದರೆ, ಅಕ್ಕನು ಬಿಟ್ಟುಹೋದ 1920 ಮತ್ತು 1080ರ, 60 ಹರ್ಟ್ಸಿನ ಹಳೆಯ ಪರದೆ! ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚಾಗಿ ಆ ಪರದೆ ಹೊಸ ಚಿತ್ರವನ್ನು ತೋರಿಸಲಾರದು. ಎರಡು ಅಂಗಡಿಯವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಆಗ ನಾವು ಮೂರನೆಯ ಚೀಟಿಯೊಂದನ್ನು ಬರೆದೆವು: ಎರಡನೆಯದರ ಪ್ರೊಸೆಸರು, ಮೊದಲನೆಯದರ ಕಾರ್ಡು. 498 ಡಾಲರಿನ ಲೆಕ್ಕ. ಉಳಿತಾಯ ಕನಿಷ್ಠ 220. ಬಹುಪಾಲು ಆಟಗಳಲ್ಲಿ ಆ ಪರದೆಗೆ ಬೇಕಾದ 60 ಫ್ರೇಮುಗಳನ್ನು ಕೊಡಲು ಇದು ಸಾಕು.

ಇದಕ್ಕೆ ಆಕ್ಷೇಪಗಳುಂಟು. ಪರದೆ ಅರವತ್ತನ್ನೇ ತೋರಿಸಿದರೂ ಯಂತ್ರವು ಅದಕ್ಕಿಂತ ಹೆಚ್ಚು ಫ್ರೇಮುಗಳನ್ನು ರಚಿಸುತ್ತಿದ್ದರೆ ಕೈಯ ಚಲನೆಗೂ ಕಣ್ಣಿಗೆ ಕಾಣುವುದಕ್ಕೂ ನಡುವಣ ವಿಳಂಬ ತುಸು ಕಡಮೆಯಾಗುವುದು ನಿಜ. ಸ್ಪರ್ಧೆಗಾಗಿ ಆಡುವವರಿಗೆ ಅದು ಬೆಲೆಯುಳ್ಳದ್ದೇ. 8 ಜಿ.ಬಿ. ಮೆಮೊರಿ ಮುಂದೆ ಸಾಲದೆಂಬ ಆಕ್ಷೇಪ ಇನ್ನೂ ಬಲವಾದುದು. ಇದನ್ನು ನಾವು ಒಪ್ಪುತ್ತೇವೆ. ಕಾರ್ಡಿನ ಸ್ವಂತ ಮೆಮೊರಿ ಸಾಲದಾದಾಗ ಅದು ಸಾಮಗ್ರಿಗಾಗಿ ಕಂಪ್ಯೂಟರಿನ ಮೆಮೊರಿಗೆ ಕೈಚಾಚಬೇಕಾಗಿ, ಆಟ ನಡುನಡುವೆ ಮುಗ್ಗರಿಸುವುದು. ಸರಾಸರಿಯಲ್ಲಿ ಈ ದೋಷ ಅಡಗಿಕೊಳ್ಳುವುದೆಂಬುದನ್ನೂ ವಾಚಕರು ಗಮನಿಸಬೇಕು. ಒಂದು ಸೆಕೆಂಡಿನಲ್ಲಿ 90 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು ಫ್ರೇಮು 100 ಮಿಲಿಸೆಕೆಂಡು ತೆಗೆದುಕೊಂಡಿತೆನ್ನಿ. ಸರಾಸರಿ 91, ಕೇಳಲು ಸೊಗಸು. ಆದರೆ ಕಣ್ಣಿಗೆ ತಾಗುವುದು ಆ ಒಂದು ತಡೆಯೇ. ಆದಕಾರಣ ಪಟ್ಟಿಗಳಲ್ಲಿ ಸರಾಸರಿಯ ಪಕ್ಕದಲ್ಲಿ ಕೊಡುವ, ಅತಿ ನಿಧಾನವಾದ ಶೇಕಡಾ 1ರಷ್ಟು ಫ್ರೇಮುಗಳ ಅಂಕಿಯನ್ನೂ ಓದಬೇಕು. 2024ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 7600 ಎಕ್ಸ್‌ಟಿ ಕಾರ್ಡು 60 ಡಾಲರು ಹೆಚ್ಚಿಗೆ 16 ಜಿ.ಬಿ.ಯನ್ನು ಕೊಡುತ್ತಿತ್ತು, ನಮ್ಮ ಚೀಟಿಯನ್ನು ಹಾಗೆ ತಿದ್ದಿದೆವು. 2025ರಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5060 ಟಿಐ ಕಾರ್ಡುಗಳಲ್ಲಿಯೂ 8 ಮತ್ತು 16 ಜಿ.ಬಿ.ಗಳೆಂಬ ಎರಡು ಬಗೆಗಳಿರುವುದರಿಂದ ಈ ಪ್ರಶ್ನೆ ಹೆಸರು ಬದಲಾಯಿಸಿಕೊಂಡು ಮುಂದುವರಿದಿದೆ.

ಅಗ್ಗದ ಪ್ರೊಸೆಸರಿಗೆ ಯಾವ ಕಾರ್ಡನ್ನು ಬೇಕಾದರೂ ಸೇರಿಸಬಹುದೆಂದು ಇದರಿಂದ ತಿಳಿಯಬಾರದು. ಇಂಟೆಲ್ ಕಂಪನಿಯು 2024ರ ಡಿಸೆಂಬರಿನಲ್ಲಿ ಆರ್ಕ್ ಬಿ580 ಎಂಬ ಕಾರ್ಡನ್ನು 12 ಜಿ.ಬಿ. ಮೆಮೊರಿಯೊಡನೆ 249 ಡಾಲರಿಗೆ ಹೊರತಂದಿತು. ಬಲವಾದ ಪ್ರೊಸೆಸರುಗಳೊಡನೆ ಅಳೆದ ಮೊದಲ ಪರೀಕ್ಷೆಗಳಲ್ಲಿ ಅದಕ್ಕೆ ತುಂಬ ಪ್ರಶಂಸೆ ದೊರೆಯಿತು. 2025ರ ಜನವರಿಯಲ್ಲಿ ಕೆಲವರು ಅದನ್ನೇ ಹಳೆಯ, ಅಗ್ಗದ ಪ್ರೊಸೆಸರುಗಳೊಡನೆ ಅಳೆದಾಗ ಹಲವು ಆಟಗಳಲ್ಲಿ ಅದರ ವೇಗ ಪ್ರತಿಸ್ಪರ್ಧಿಯಾದ ಆರ್‌ಟಿಎಕ್ಸ್ 4060ಕ್ಕಿಂತ ಬಹಳ ಹೆಚ್ಚಾಗಿ ಕುಸಿದು, ಕೆಲವೆಡೆ ಮೇಲು ಕೀಳು ಅದಲುಬದಲಾಯಿತು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವೇ ಪ್ರೊಸೆಸರಿನ ಮೇಲೆ ಹೆಚ್ಚಿನ ಹೊರೆ ಹೇರುತ್ತಿತ್ತು. ಅಗ್ಗದ ಕಾರ್ಡನ್ನು ಕೊಳ್ಳುವವರು ಅಗ್ಗದ ಪ್ರೊಸೆಸರನ್ನೇ ಉಳ್ಳವರಾದ್ದರಿಂದ ಈ ಎರಡನೆಯ ಪರೀಕ್ಷೆಯೇ ಮೊದಲು ನಡೆಯಬೇಕಾಗಿದ್ದಿತು.

ತಮ್ಮ ಯಂತ್ರದಲ್ಲಿ ನಿಧಾನವಾದುದು ಯಾವುದೆಂದು ವಿದ್ಯಾರ್ಥಿಗಳು ಖರ್ಚಿಲ್ಲದೆ ತಾವೇ ಕಂಡುಕೊಳ್ಳಬಹುದು. ಆಟದೊಳಗೆ ಪರದೆಯ ಬಿಂದುಗಳನ್ನು ಕಡಮೆ ಮಾಡಿ, ಅದೇ ಸ್ಥಳದಲ್ಲಿ ಫ್ರೇಮುಗಳ ಸಂಖ್ಯೆಯನ್ನು ನೋಡಬೇಕು. ಸಂಖ್ಯೆ ಏರಿದರೆ ತಡೆದಿದ್ದುದು ಕಾರ್ಡು. ಇದ್ದಲ್ಲಿಯೇ ನಿಂತರೆ ಪ್ರೊಸೆಸರು. ಫ್ರೇಮುಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಏರ್ಪಾಡನ್ನು ಮಾತ್ರ ಮೊದಲೇ ತೆಗೆದಿರಬೇಕು; ಇಲ್ಲವಾದರೆ ಏನು ಮಾಡಿದರೂ 60 ಎಂಬುದು ಕದಲದು. ನಮ್ಮ ವಿದ್ಯಾರ್ಥಿಯು ಸ್ನೇಹಿತನ ಮನೆಯಲ್ಲಿ ಹೀಗೆ ಮಾಡಿ ನೋಡಿದನು. ವ್ಯಾಲೊರಂಟಿನಲ್ಲಿ ಸಂಖ್ಯೆ ಅಲುಗಲಿಲ್ಲ; ಅದೇ ಯಂತ್ರದಲ್ಲಿ ಸೈಬರ್‌ಪಂಕ್ ಆಟ ಒಂದೂವರೆ ಪಟ್ಟಿಗೆ ಏರಿತು. ಅಂದು ಸಂಜೆಯೇ ಬಂದು ಮೂರನೆಯ ಚೀಟಿಯನ್ನು ಕೇಳಿ ಪಡೆದುಕೊಂಡು ಹೋದನು. ಉಳಿದ ಹಣ ಹೊಸ ಪರದೆಗೋ ಮುಂದಿನ ವರ್ಷದ ಶುಲ್ಕಕ್ಕೋ ಎಂಬುದು ಆ ಮನೆಯಲ್ಲಿ ಆಗ ಇನ್ನೂ ತೀರ್ಮಾನವಾಗಿರಲಿಲ್ಲ.