ನಿಲ್ದಾಣ ಹೊಸದಾಗುವಾಗ ನೆನಪಿರಲಿ

ಸೋದರಿಯರೇ, ಮಾಲೂರು, ಬಂಗಾರಪೇಟೆ ಕಡೆಯಿಂದ ಆಸ್ಪತ್ರೆಗೋ ಮದುವೆ ಜವಳಿಗೋ ಬೆಂಗಳೂರಿಗೆ ಹೋಗುವವರಿಗೆ ದಂಡು ನಿಲ್ದಾಣ, ಅಂದರೆ ಕಂಟೋನ್ಮೆಂಟ್, ಚೆನ್ನಾಗಿ ಗೊತ್ತು. ಅದನ್ನೂ ಯಶವಂತಪುರವನ್ನೂ ಹೊಸದಾಗಿ ಕಟ್ಟುವ ಕೆಲಸಕ್ಕೆ ಪ್ರಧಾನಿ ನರೇಂದ್ರ ಮೋದಿಯವರು 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದರು. ದಂಡಿಗೆ ಸುಮಾರು 500 ಕೋಟಿ, ಯಶವಂತಪುರಕ್ಕೆ 375 ಕೋಟಿ ರೂಪಾಯಿಯ ಅಂದಾಜು.

ಅಡುಗೆಮನೆ ರಿಪೇರಿಗೆ ಬಂದರೂ ಮನೆಮಂದಿಗೆ ಊಟ ತಪ್ಪಿಸೋ ಹಾಗಿಲ್ಲವಲ್ಲ! ರೈಲಿನವರ ಪಾಡೂ ಅದೇ. 2024ರಲ್ಲಿ ಸೆಪ್ಟೆಂಬರ್ 20ರಿಂದ 92 ದಿನ ಹಲವು ಗಾಡಿಗಳು ದಂಡಿನಲ್ಲಿ ನಿಲ್ಲದೇ ಮುಂದೆ ಹೋದವು. ಮಂಡಿನೋವಿನ ಅತ್ತೆಯವರನ್ನೋ ಬಾಣಂತಿ ಮಗಳನ್ನೋ ಕರೆದುಕೊಂಡು ಹೊರಟವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಹೊರಡುವ ಮುನ್ನ 139ಕ್ಕೆ ಫೋನ್ ಮಾಡಿ, "ನಮ್ಮ ಗಾಡಿ ಅಲ್ಲಿ ನಿಲ್ಲುತ್ತಾ?" ಅಂತ ಕೇಳಿಬಿಡಿ.

ಕಟ್ಟಡ ಎಷ್ಟೇ ಥಳಥಳಿಸಲಿ, ನಾವು ನೋಡಬೇಕಾದದ್ದು ಬೇರೆ. ಲಿಫ್ಟ್ ಓಡುತ್ತಾ? ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಾ? ಕೂರಲು ಬೆಂಚು ಸಾಕಷ್ಟಿದೆಯಾ? ಇಲ್ಲದಿದ್ದರೆ ಗೊಣಗುತ್ತಾ ಮನೆಗೆ ಬರಬೇಡಿ. ದೂರು ಹೇಳಲಿಕ್ಕೂ ಅದೇ 139 ಇದೆ. ಹೇಳದಿದ್ದರೆ ನಮ್ಮ ಕಷ್ಟ ಅವರಿಗೆ ಹೇಗೆ ತಿಳಿಯಬೇಕು, ಹೇಳಿ?