ಕಾಡಿನ ಪಾಠ ಮನೆಯಲ್ಲೇ ಮೊದಲಾಗಲಿ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕಾಯಿ ಕೊರೆಯುವ ಹುಳುವಿನ ಹತೋಟಿ, ಗೊಬ್ಬರ, ಮಾರುಕಟ್ಟೆಯ ಧಾರಣೆ, ಇವೇ ಸಾಮಾನ್ಯವಾಗಿ ಈ ಪುಟಗಳಲ್ಲಿ ಬರುವ ವಿಷಯಗಳು. ಈ ಸಲ ಅವುಗಳಷ್ಟೇ ಮುಖ್ಯವೆಂದು ನಮಗೆ ತೋರುವ ಇನ್ನೊಂದು ವಿಷಯವನ್ನು ಸದಸ್ಯ ಬಂಧುಗಳ ಮುಂದಿಡಬಯಸುತ್ತೇವೆ. ನಮ್ಮ ತೋಟಗಳಿಗೆ ನೆರೆಯಾಗಿರುವ ರಾಷ್ಟ್ರೀಯ ಉದ್ಯಾನಗಳ ವಿಚಾರವನ್ನು ನಮ್ಮ ಎಳೆಯ ಮಕ್ಕಳಿಗೆ ಮನೆಯಲ್ಲಿಯೇ ಹೇಳಿಕೊಡಬೇಕು ಎಂಬುದು ಆ ವಿಷಯ.

ಇದು ಶಾಲೆಯವರ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಶಾಲೆಯಲ್ಲಿ ಪಾಠವಿದೆ, ನಿಜ. ಆದರೆ ನಮ್ಮ ಸದಸ್ಯರಲ್ಲಿ ಅನೇಕರು ಮಕ್ಕಳ ಓದಿಗಾಗಿ ಮೈಸೂರಿನಲ್ಲಿ ಮನೆ ಮಾಡಿದ್ದಾರೆ. ಮನೆಯವರು ಮಕ್ಕಳೊಂದಿಗೆ ಪಟ್ಟಣದಲ್ಲಿ, ಯಜಮಾನರು ತೋಟದಲ್ಲಿ, ರಜೆ ಬಂದಾಗ ಎಲ್ಲರೂ ಒಟ್ಟಿಗೆ, ಹೀಗೆ ಸಂಸಾರ ನಡೆದಿದೆ. ಇಂಥ ಮನೆಯ ಮಗುವಿಗೆ ಆನೆಯ ಬಗ್ಗೆ ಎರಡು ಪಾಠಗಳು ದೊರೆಯುತ್ತವೆ. ಮೃಗಾಲಯದಲ್ಲಿ, ದಸರಾ ಮೆರವಣಿಗೆಯಲ್ಲಿ ಕಾಣುವ ಸಾಧು ಆನೆ ಒಂದು. ಊರಿನಿಂದ ಫೋನು ಬಂದಾಗ ಕೇಳಿಸುವ, ರಾತ್ರಿ ನುಗ್ಗಿ ಬಾಳೆಯನ್ನೂ ಅಡಿಕೆ ಸಸಿಯನ್ನೂ ಮುರಿದುಹಾಕಿದ ದುಷ್ಟ ಆನೆ ಇನ್ನೊಂದು. ಇವೆರಡೂ ಒಂದೇ ಪ್ರಾಣಿ ಎಂಬುದನ್ನು ಆ ಮಗುವಿಗೆ ಬಿಡಿಸಿ ಹೇಳುವವರು ಯಾರೂ ಇಲ್ಲ. ಇನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಆ ತೋಟವನ್ನು ಉಳಿಸಿಕೊಳ್ಳಬೇಕೇ, ಮಾರಬೇಕೇ, ಬೇಲಿ ಎಲ್ಲಿ ಹಾಕಬೇಕು, ನೆರಳು ಮರ ಕಡಿಯಬೇಕೇ ಬಿಡಬೇಕೇ ಎಂದು ತೀರ್ಮಾನಿಸುವುದು ಅದೇ ಮಗು. ಆದಕಾರಣ ಈ ಪಾಠ ನಮ್ಮ ಮನೆತನದ ವ್ಯವಹಾರವೂ ಹೌದು.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ಮೈಸೂರಿನ ಮಗುವಿಗೆ ಉದ್ಯಾನವೆಂದರೆ ಬೃಂದಾವನ, ಹೂವಿನ ಪಾತಿ, ಕಾರಂಜಿ. ರಾಷ್ಟ್ರೀಯ ಉದ್ಯಾನವೆಂದರೆ ಹಾಗಲ್ಲ. ಅಲ್ಲಿ ಯಾರೂ ಗಿಡ ನೆಟ್ಟು ನೀರು ಹಾಕುವುದಿಲ್ಲ, ಹುಲಿಗೆ ಮಾಂಸ ತಂದಿಡುವುದಿಲ್ಲ. 1892ರಲ್ಲಿ ಸ್ಥಾಪನೆಯಾದ ನಮ್ಮ ಮೃಗಾಲಯದಲ್ಲಿ ಪ್ರಾಣಿ ಒಳಗೆ, ನಾವು ಹೊರಗೆ ಓಡಾಡುವವರು. ಉದ್ಯಾನದಲ್ಲಿ ಪ್ರಾಣಿಯೇ ಸ್ವತಂತ್ರ, ನಾವು ವಾಹನದಿಂದ ಇಳಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ಇಷ್ಟನ್ನು ಆರು ವರ್ಷದ ಮಗುವೂ ತಿಳಿದುಕೊಳ್ಳಬಲ್ಲದು.

ಎರಡನೆಯದಾಗಿ ನಕ್ಷೆ. ಪುಸ್ತಕ ಬೇಕಿಲ್ಲ, ತೋಟದ ಕಣದಲ್ಲಾಗಲಿ ಪಟ್ಟಣದ ಮನೆಯ ನೆಲದ ಮೇಲಾಗಲಿ ಸೀಮೆಸುಣ್ಣದಿಂದ ಬರೆಯಬಹುದು. ಮೇಲೆ ಬಲಗಡೆ ಮೈಸೂರು. ನೈರುತ್ಯಕ್ಕೆ ಕಬಿನಿಯ ಹಿನ್ನೀರು. ಅದರ ಉತ್ತರಕ್ಕೆ ನಾಗರಹೊಳೆ, ಅದರಾಚೆ ಕೊಡಗು. ದಕ್ಷಿಣಕ್ಕೆ ಬಂಡೀಪುರ, ಅದಕ್ಕೆ ತಾಗಿ ತಮಿಳುನಾಡಿನ ಮುದುಮಲೆ, ಪಶ್ಚಿಮಕ್ಕೆ ಕೇರಳದ ವಯನಾಡು. ರಾಜ್ಯದ ಗಡಿಗಳನ್ನು ಎಳೆದ ಮೇಲೆ, ಆನೆಗೆ ಈ ಗೆರೆಗಳು ಗೊತ್ತಿಲ್ಲವೆಂದು ಹೇಳಿ ಅಳಿಸಿಬಿಡಿ. ಬಳಿಕ ನೂರು ಆನೆಗೆ ಒಂದರಂತೆ ಕಾಫಿ ಬೀಜ ಇಡಿಸಿ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳು. ದೇಶದಲ್ಲಿ ಇದೇ ಹೆಚ್ಚು. 64 ಬೀಜ ಬೇಕಾಗುತ್ತದೆ. ನೂರು ಹುಲಿಗೆ ಒಂದರಂತೆ ಅಡಿಕೆ ಇಟ್ಟರೆ ಆರು ಅಡಿಕೆಯೂ ತುಂಬುವುದಿಲ್ಲ. 2022ರ ಅಂದಾಜಿನಲ್ಲಿ ರಾಜ್ಯದ ಹುಲಿಗಳು 563. ಲೆಕ್ಕವೂ ಆಯಿತು, ಭೂಗೋಳವೂ ಆಯಿತು. ಮೈಸೂರಿನ ಕುಡಿಯುವ ನೀರಿನ ಒಂದು ಪಾಲು ಕಬಿನಿಯಿಂದ ಬರುವುದನ್ನೂ ಆಗಲೇ ತೋರಿಸಬಹುದು.

ಮೂರನೆಯದು ಚರಿತ್ರೆ. ಇದನ್ನು ಅಜ್ಜ ಅಜ್ಜಿಯರಿಗೆ ಬಿಡುವುದು ಮೇಲು. ಕಾಕನಕೋಟೆಯಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದುದನ್ನು ಕಂಡವರು, ಕೇಳಿದವರು ನಮ್ಮ ಹಿರಿಯರಲ್ಲಿ ಇನ್ನೂ ಇದ್ದಾರೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದರ ಮರುವರ್ಷವೇ ಮೇಲೆ ಹೇಳಿದ ಕಾಯಿದೆ ಬಂತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದು ಆ ಸೀಮೆಯ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ಬಂಡೀಪುರದಲ್ಲಿ ಮೈಸೂರು ಮಹಾರಾಜರು 1931ರಲ್ಲಿ ಮೀಸಲಿಟ್ಟದ್ದು ಕೇವಲ 90 ಚದರ ಕಿಲೋಮೀಟರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ನಾಗರಹೊಳೆ 1955ರಲ್ಲಿ ವನ್ಯಧಾಮವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತೀರ್ಣ 643 ಚದರ ಕಿಲೋಮೀಟರು. ಆನೆ ಹಿಡಿಯುವ ಕಾಲದಿಂದ ಆನೆ ಕಾಯುವ ಕಾಲಕ್ಕೆ ಒಂದೇ ತಲೆಮಾರಿನಲ್ಲಿ ಬಂದೆವೆಂಬುದು ಮಗುವಿಗೆ ಅಜ್ಜನ ಬಾಯಿಂದ ತಿಳಿಯಬೇಕು.

ಆನೆ ತೋಟಕ್ಕೆ ಏಕೆ ಬರುತ್ತದೆ? ನಮ್ಮ ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆ ಇದು. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋವಿನಷ್ಟು ಮೇವು, ನೂರು ಲೀಟರಿಗೂ ಮೇಲ್ಪಟ್ಟು ನೀರು ಬೇಕು. ಕಾಡಿನೊಳಗೆ ಲಂಟಾನ ಹಬ್ಬಿದ ಕಡೆ ಹುಲ್ಲಿಲ್ಲ. ಹಿಂದೆ ಓಡಾಡುತ್ತಿದ್ದ ದಾರಿಗಳಲ್ಲಿ ಈಗ ಹೊಲ, ತೋಟ, ರಸ್ತೆ, ರೆಸಾರ್ಟು ಬಂದಿವೆ. ನಮ್ಮಲ್ಲಾದರೋ ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ, ನೆರಳು ತಂಪಾಗಿರುತ್ತದೆ, ಹಲಸು ಬಾಳೆ ಕೈಗೆಟುಕುತ್ತವೆ. ಕೊಡಗಿನಲ್ಲಿ ಕಾಫಿ ತೋಟದೊಳಗೇ ಹುಟ್ಟಿ ಬೆಳೆದ ಆನೆಗಳೂ ಇವೆ. ಮರುದಿನ ಬೆಳಿಗ್ಗೆ ಹೆಜ್ಜೆ ಗುರುತು ಕಂಡರೆ, ಆನೆ ದೂರ ಹೋಗಿರುವುದು ಖಾತ್ರಿಯಾದ ಮೇಲೆ ದೊಡ್ಡವರೇ ಮಗುವನ್ನು ಕರೆದೊಯ್ದು ಮುಂಗಾಲಿನ ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆಯಿಸಲಿ. ಆ ಅಳತೆಯ ಎರಡರಷ್ಟು ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ದಾರವನ್ನು ಗೋಡೆಗೆ ಹಿಡಿದು ನೋಡಿದ ಮಗು ಆ ಪಾಠವನ್ನು ಮರೆಯುವುದಿಲ್ಲ.

ಇದರ ಜೊತೆಯಲ್ಲೇ ಎಚ್ಚರಿಕೆಯ ಮಾತೂ ಸೇರಬೇಕು. ನಸುಕಿನಲ್ಲಿ, ಸಂಜೆಯ ಮೇಲೆ ತೋಟದ ದಾರಿಯಲ್ಲಿ ಮಕ್ಕಳು ಒಬ್ಬರೇ ಹೋಗಕೂಡದು. ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಕೇಳಿದರೆ ಹಿಂದಿರುಗಿ ದೊಡ್ಡವರಿಗೆ ಹೇಳಬೇಕು. ಕಲ್ಲು ಹೊಡೆಯುವುದು, ಫೋಟೋ ತೆಗೆಯಲು ಹತ್ತಿರ ಹೋಗುವುದು ಸಲ್ಲದು. ಆನೆಯಿಂದ ನಮ್ಮವರು, ನಮ್ಮ ಕೂಲಿಕಾರರು ಪ್ರಾಣ ಕಳೆದುಕೊಂಡಿದ್ದಾರೆ. ಮನುಷ್ಯ ಹಾಯಿಸಿದ ಅಕ್ರಮ ವಿದ್ಯುತ್ ತಂತಿಯಿಂದ ಆನೆಗಳೂ ಸತ್ತಿವೆ. ಎರಡನ್ನೂ ಮಗುವಿನಿಂದ ಮುಚ್ಚಿಡಬಾರದು.

ಇನ್ನೊಂದು ಸಂಗತಿಯನ್ನು ಎಷ್ಟೋ ಮನೆಗಳಲ್ಲಿ ಹೇಳುವುದೇ ಇಲ್ಲ. ಈ ಕಾಡುಗಳು ಜನರಿಲ್ಲದ ಕಾಡುಗಳಾಗಿರಲಿಲ್ಲ. ಜೇನುಕುರುಬರು, ಬೆಟ್ಟಕುರುಬರು, ಯರವರು ಅಲ್ಲಿ ತಲೆತಲಾಂತರದಿಂದ ಬಾಳಿದವರು. ನಾಗರಹೊಳೆಯಿಂದ ಎಷ್ಟೋ ಕುಟುಂಬಗಳು ಹೊರಬಂದು ಪುನರ್ವಸತಿ ಹಾಡಿಗಳನ್ನು ಸೇರಿವೆ. ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಅವರ ಬೇಡಿಕೆಗಳು ಪೂರ್ತಿ ಈಡೇರಿಲ್ಲ. ನಮ್ಮ ತೋಟದಲ್ಲಿ ಮರಕಸಿ ಮಾಡುವ, ಕಾಫಿ ಕುಯ್ಯುವ ಹಿರಿಯರನ್ನು ನಮ್ಮ ಮಕ್ಕಳು ಮರ್ಯಾದೆಯಿಂದ ಮಾತನಾಡಿಸಿ, ಯಾವ ಹಕ್ಕಿ ಯಾವ ಹಣ್ಣು ತಿನ್ನುತ್ತದೆ, ಜೇನು ಯಾವ ಮರದಲ್ಲಿ ಕಟ್ಟುತ್ತದೆ ಎಂದು ಕೇಳಿ ತಿಳಿಯಲಿ. ಅವರಿಗಿಂತ ಮಿಗಿಲಾದ ಕಾಡಿನ ಮೇಷ್ಟರು ನಮಗೆ ಎಲ್ಲಿ ಸಿಗಬೇಕು?

ರಜೆಯಲ್ಲಿ ಮೈಸೂರಿನಿಂದ ಊಟಿಗೆ ಹೊರಟರೆ ಸುಮಾರು 80 ಕಿಲೋಮೀಟರಿಗೆ ಬಂಡೀಪುರ ಸಿಕ್ಕುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರವನ್ನು ನಿಷೇಧಿಸಿದ್ದು 2009ರಲ್ಲಿ. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು ಎಂಬ ಕಾರಣವನ್ನು ಅಲ್ಲೇ ಮಗುವಿಗೆ ಹೇಳಿ. ಕೋತಿಗೆ, ಜಿಂಕೆಗೆ ತಿಂಡಿ ಎಸೆಯಬಾರದು, ಬೀಡಿ ಸಿಗರೇಟಿನ ಕಿಡಿ ಬೀಳಿಸಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ದೂರ ಹೋಗಲಾಗದವರಿಗೆ ಮೈಸೂರಿನಲ್ಲೇ ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವಿದೆ. ಓದಲು ಬಂದ ಮಕ್ಕಳಿಗೆ ನಮ್ಮಂತೆಯೇ ಕಾಫಿ ಬೆಳೆಗಾರರಾಗಿದ್ದ ತೇಜಸ್ವಿಯವರ 'ಪರಿಸರದ ಕತೆ' ಇದೆ.

'ಉದ್ಯಾನದಿಂದ ನಮಗೆ ಬಂದದ್ದು ನಷ್ಟವೊಂದೇ. ಮಕ್ಕಳಿಗೆ ಅದರ ಮೇಲೆ ಪ್ರೀತಿ ಏಕೆ ಕಲಿಸಬೇಕು?' ಎಂದು ಕೇಳುವ ಸದಸ್ಯರಿದ್ದಾರೆ. ಅವರ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಹತ್ತು ವರ್ಷ ಸಾಕಿದ ಅಡಿಕೆ ಮರ ಒಂದು ರಾತ್ರಿಯಲ್ಲಿ ಬಿದ್ದರೆ ಪರಿಹಾರದ ಹಣ ಆ ಹತ್ತು ವರ್ಷವನ್ನು ತಂದುಕೊಡದು. ಪರಿಹಾರ ಬೇಗ ಬರಬೇಕು, ಆನೆ ಕಂದಕ, ರೈಲ್ವೆ ಕಂಬಿಯ ತಡೆಬೇಲಿ ಪೂರ್ತಿಯಾಗಬೇಕು ಎಂಬ ಒತ್ತಾಯವನ್ನು ನಾವು ಬಿಡತಕ್ಕದ್ದಲ್ಲ. ಆದರೆ ಕಾಡು ಎಲ್ಲಿಗೂ ಹೋಗುವುದಿಲ್ಲ, ನಾವೂ ಹೋಗುವುದಿಲ್ಲ. ಕಾಡಿನ ಹಕ್ಕು, ಕಾಯಿದೆ, ಆನೆಯ ನಡೆ ತಿಳಿದ ಮಗು ನಾಳೆ ಅರಣ್ಯ ಇಲಾಖೆಯವರ ಮುಂದೆ ಕುಳಿತು ಲೆಕ್ಕ ಹಾಕಿ ಮಾತನಾಡಬಲ್ಲದು. ಬರೀ ಸಿಟ್ಟನ್ನೋ ಬರೀ ಭಯವನ್ನೋ ಕಲಿತ ಮಗುವಿಗೆ ಅದು ಆಗದು.

ವಾರಕ್ಕೊಂದು ಸಂಜೆ ಅರ್ಧ ಗಂಟೆ ಇದಕ್ಕೆ ಸಾಕು. ಮುಂದಿನ ರಜೆಗೆ ಮಕ್ಕಳು ತೋಟಕ್ಕೆ ಬಂದಾಗ ಸದಸ್ಯರು ಇದನ್ನು ಆರಂಭಿಸಬೇಕೆಂದು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಸಂಘಕ್ಕೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ.