ಚಳಿಗೆ ಕಂಬಳಿ ಸಾಕು, ಕೆಂಡ ಬೇಡ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳಿಗೆ ಬಿಸಿಲು ಹೊಸದಲ್ಲ. ಚಳಿಯೆಂದರೆ ಅವರಿಗೆ ಗೊತ್ತಿರುವುದು ಧನುರ್ಮಾಸದ ಮುಂಜಾನೆ ಮಾತ್ರ. ಹೊತ್ತು ಏರುತ್ತಲೇ ಸ್ವೆಟರ್ ಗೂಟ ಸೇರುತ್ತದೆ. ಈ ಊರುಗಳಿಂದ ಪದವಿಗೋ ಐಎಎಸ್ ತಯಾರಿಗೋ ದೆಹಲಿ ಸೇರಿದವರಿಗೆ ಮೊದಲ ಚಳಿಗಾಲ ಸುಲಭವಲ್ಲ.

2021ರ ಜನವರಿ 1ರಂದು ದೆಹಲಿಯ ಸಫ್ದರ್‌ಜಂಗ್‌ನಲ್ಲಿ ಕನಿಷ್ಠ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. ಅಷ್ಟು ಚಳಿ ಅಪರೂಪ. ಆದರೆ ಮಂಜು ಮುಸುಕಿದರೆ ಹಗಲೂ ಬೆಚ್ಚಗಾಗುವುದಿಲ್ಲ. 2019ರ ಡಿಸೆಂಬರ್ 30ರಂದು ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ! ದಕ್ಷಿಣದವರನ್ನು ಕಂಗೆಡಿಸುವುದು ಬಿಡುವಿಲ್ಲದ ಈ ಚಳಿಯೇ.

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ಬಟ್ಟೆಗಳ ನಡುವೆ ನಿಂತ ಗಾಳಿಯೇ ಆ ಕೆಲಸ ಮಾಡುವುದು. ಆದ್ದರಿಂದ ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಟ್ಟ ಮೂರು ತೆಳು ಉಡುಪು ಮೇಲು. ಶಿರಾ, ಪಾವಗಡದ ಕಡೆ ಕುರಿಗಾಹಿಗಳು ಹೊದೆಯುವ ಕರಿಕಂಬಳಿ ಬೆಚ್ಚಗಿರುವುದಕ್ಕೂ ಉಣ್ಣೆಯ ಎಳೆಗಳಲ್ಲಿ ಸಿಕ್ಕಿಬಿದ್ದ ಗಾಳಿಯೇ ಕಾರಣ. ಚುಚ್ಚುತ್ತದೆ ಎನ್ನುವವರು ಒಳಗೊಂದು ಹತ್ತಿಯ ದುಪ್ಪಟಿ ಹೊದ್ದರಾಯಿತು. ಟ್ರಂಕಿನಲ್ಲಿ ಕಂಬಳಿ ಒಯ್ಯಲು ನಾಚಿಕೆ ಬೇಡ.

ನಿಜವಾದ ಅಪಾಯ ಬೇರೆ ಇದೆ. ಹಳ್ಳಿಯ ಅಂಗಳದಲ್ಲಿ ಬೆಂಕಿ ಕಾಯಿಸಿಕೊಂಡವರಿಗೆ ಬಾಡಿಗೆ ಕೋಣೆಯಲ್ಲೂ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಳ್ಳೋಣ ಎನ್ನಿಸಬಹುದು. ಅಂಗಳಕ್ಕೆ ಆಕಾಶವೇ ಸೂರು, ಕೋಣೆಗೆ ಹಾಗಲ್ಲ. ಕಿಟಕಿ ಬಾಗಿಲು ಮುಚ್ಚಿದಾಗ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಸೂಚನೆ ಕೊಡುತ್ತವೆ. ಮಲಗಿದವರಿಗೆ ಅದೂ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಉತ್ತರ ಭಾರತದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ.

ಆದ್ದರಿಂದ ಮಲಗುವ ಕೋಣೆಗೆ ಕೆಂಡ ತರಲೇಬಾರದು. ವಿದ್ಯುತ್ ಹೀಟರ್ ಹಾಸಿಗೆಯಿಂದ ದೂರವಿರಲಿ, ಮಲಗುವ ಮುನ್ನ ಆರಿಸಿರಲಿ. ನೀರು ಕಾಯಿಸುವ ರಾಡಿನ ಪ್ಲಗ್ ಕಿತ್ತ ಮೇಲೆಯೇ ಬಕೆಟ್ ಮುಟ್ಟಬೇಕು. ಯಾರಾದರೂ ಮಂಕಾಗಿ ಬಿದ್ದದ್ದು ಕಂಡರೆ ಕೂಡಲೇ ಬಾಗಿಲು ತೆರೆದು, ಹೊರಗಿನ ಗಾಳಿಗೆ ತಂದು, ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಮನಸ್ಸಿನ ಮಾತು. ಡಿಸೆಂಬರಿನಲ್ಲಿ ದೆಹಲಿಯ ಹಗಲು ಪಾವಗಡದ ಹಗಲಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಚಿಕ್ಕದು. ಐದೂವರೆಗೆಲ್ಲ ಸೂರ್ಯ ಮುಳುಗಿದಾಗ ಊರಿನ ನೆನಪು ಕಾಡುವುದು ಸಹಜ. ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಮೈಯೊಡ್ಡುವುದು, ರಜಾದಿನಗಳಲ್ಲಿ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿ ನಾಲ್ಕು ಕನ್ನಡ ಮಾತಾಡುವುದು ಒಳ್ಳೆಯ ಮದ್ದು.

ತಂದೆತಾಯಿಗಳು ಫೋನಿನಲ್ಲಿ ಊಟವಾಯಿತೇ, ಓದು ಹೇಗಿದೆ ಎಂದು ಕೇಳುವುದು ಇದ್ದೇ ಇದೆ. ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಪ್ರಶ್ನೆಯೂ ಸೇರಲಿ: ‘ರಾತ್ರಿ ಕೋಣೆಯಲ್ಲಿ ಏನನ್ನೂ ಉರಿಸುತ್ತಿಲ್ಲ ತಾನೇ?’